ಹಿಪ್ಪೆಯ ನೆರಳಿನ ಲೆಕ್ಕ

ಚೈತು ಬೇಠೇಕರನ ಮನೆಯ ಅಡ್ಡತೊಲೆಯ ಮೇಲೆ ಅವನ ಹೆಂಡತಿ ಮೂರು ಚಳಿಗಾಲದಿಂದ ಮಲಗಿದ್ದಳು. ಹೆಂಡತಿ ಎಂದರೆ ಹೆಂಡತಿಯಲ್ಲ, ಅವಳ ಹೆಸರಿನ ಕಂಬ. ಒಳ್ಳೆಯ ಸಾಗವಾನಿಯ ಹಲಗೆ, ಆಳೆತ್ತರಕ್ಕೆ ಕೊಂಚ ಕಡಿಮೆ. ತುದಿಯಲ್ಲಿ ಸೂರ್ಯಚಂದ್ರ, ಕೆಳಗೆ ಕುದುರೆಯ ಮೇಲೆ ಕೂತ ಒಬ್ಬಾಕೆ. ಸುಗರತಿ ಬದುಕಿದ್ದಾಗ ಕುದುರೆ ಹತ್ತಿದವಳಲ್ಲ, ಕತ್ತೆಯನ್ನೂ ಹತ್ತಿರಲಿಲ್ಲ. ಆದರೆ ಸತ್ತ ಮೇಲೆ ಅವರ ಕೊರ್ಕು ಬುಡಕಟ್ಟಿನ ಜನ ಎಲ್ಲರನ್ನೂ ಕುದುರೆ ಹತ್ತಿಸಿಯೇ ಕಳಿಸುವುದು. ಆ ಕಂಬವನ್ನು ಹಿರಿಯರ ಕಂಬಗಳ ಪಕ್ಕ ನೆಟ್ಟು, ಡೋಲು ಬಾರಿಸಿ, ಊರಿಗೆ ಉಣ್ಣಿಸಿದರೆ ಹೋದವರು ಹೋಗಬೇಕಾದಲ್ಲಿಗೆ ಹೋಗಿ ಸೇರುತ್ತಾರೆ. ನೆಡುವ ತನಕ ಮನೆಯ ಸುತ್ತಲೇ ಸುಳಿದಾಡುತ್ತಾರೆ, ಹಸಿದುಕೊಂಡು. ಅದಕ್ಕೇ ಚೈತು ಮನೆಯಲ್ಲಿದ್ದ ದಿನ ಬೆಳಿಗ್ಗೆ ಜೋಳದ ರೊಟ್ಟಿಯ ಮೊದಲ ಚೂರು ಮುರಿದು ತೊಲೆಯ ಮೇಲಿಡುತ್ತಿದ್ದ. ಇಲಿ ತಿನ್ನುತ್ತದೆ ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಇಡುವುದನ್ನು ಬಿಡಲಾಗುತ್ತದೆಯೇ?

ಕಂಬ ನೆಡುವ ಜಾಗವೇನೂ ಪರದೇಶದಲ್ಲಿರಲಿಲ್ಲ, ಕಣ್ಣಿಗೆ ಕಾಣುವ ಬೆಟ್ಟದ ಮೇಲೇ ಇತ್ತು. ಆದರೆ ಬೆಟ್ಟ ಈಗ ಹುಲಿಯದು. ಹುಲಿಗೆಂದು ಕಾಡು ಬಿಡಿಸಿದಾಗ ಸೇಮಲ್‌ಧಾನಾ ಊರು ಇಡಿಯಾಗಿ ಕೆಳಗಿಳಿದು ಬಂತು. ಹತ್ತಿ ಹೊಲಗಳ ನಡುವೆ ಸಾಲುಮನೆ, ನಲ್ಲಿ, ಕರೆಂಟು ಎಲ್ಲ ಕೊಟ್ಟರು. ಕೊಡಲಿಲ್ಲ ಎಂದು ಸುಳ್ಳು ಹೇಳಬಾರದು. ಆದರೆ ಹಿರಿಯರನ್ನು ಯಾವ ಲಾರಿಯಲ್ಲಿ ಹೇರಿಕೊಂಡು ಬರುವುದು? ಅವರು ಹಳೆ ಊರಿನ ಹೊಳೆದಂಡೆಯಲ್ಲಿ, ದೊಡ್ಡ ಹಿಪ್ಪೆಮರದ ಬುಡದಲ್ಲಿ, ಸಾಲಾಗಿ ನಿಂತೇ ಉಳಿದರು. ಸುಗರತಿಗೆ ಕೆಳಗಿನ ನೀರು ಹಿಡಿಸಲಿಲ್ಲ. ಬಂದ ಮೊದಲ ಮಳೆಗಾಲದಲ್ಲೇ ಜ್ವರ ಹಿಡಿದು ಹೊರಟಳು. ಹೊರಡುವ ಮುಂಚೆ ಗಂಡನ ಕೈ ಹಿಡಿದು ಒಂದೇ ಮಾತು ಹೇಳಿದ್ದಳು.

“ನನ್ನ ಕಂಬ ನಿಮ್ಮವ್ವನ ಮಗ್ಗಲದಾಗ ನೆಡ್ರಿ. ಆಕಿ ಕೂಡ ಜಗಳ ಅರ್ಧಕ್ಕ ನಿಂತೈತಿ.”

ನಗಬೇಕೋ ಅಳಬೇಕೋ ತಿಳಿಯದೆ ಚೈತು ಹೂಂ ಅಂದಿದ್ದ. ಆ ಹೂಂ ಅಂದಿನಿಂದ ಅವನ ಹೆಗಲ ಮೇಲೆ ಕೂತಿತ್ತು.

ಊರವರು ಕೆಳಗಿಳಿದ ಮೊದಲ ಚಳಿಗಾಲದಲ್ಲಿ ಕಂಬ ನೆಡಲು ಒಳಗೆ ಬಿಟ್ಟಿದ್ದರು. ಸುಗರತಿ ಹೋಗಿ ಆಗಿನ್ನೂ ಒಂದು ಸುಗ್ಗಿ ಕಳೆದಿರಲಿಲ್ಲವಾದ್ದರಿಂದ ಅವಳ ಕಂಬಕ್ಕೆ ಸಮಯವಾಗಿರಲಿಲ್ಲ. ಆಮೇಲೆ ಬಿಡುವುದನ್ನೇ ನಿಲ್ಲಿಸಿದರು. ಈಗ ಅವಳ ಜೊತೆಗೆ ಊರಿನ ಇನ್ನೂ ಮೂವರ ಕಂಬ ಮೂರು ಮನೆಯ ತೊಲೆಗಳ ಮೇಲೆ ಕಾಯುತ್ತಿದ್ದವು. ಊರಿಗೆಲ್ಲ ಮುಚ್ಚಿದ ಗೇಟು ಚೈತುವೊಬ್ಬನಿಗೆ ಮಾತ್ರ ತೆರೆಯುತ್ತಿತ್ತು, ಅವನು ಅರಣ್ಯ ಇಲಾಖೆಯ ಕೂಲಿ ಕಾವಲುಗಾರ. ಹಾಗಾದರೆ ಮುಸುಕಿನಲ್ಲಿ ಹೊತ್ತೊಯ್ದು ನೆಟ್ಟುಬಿಡಬಾರದೇ ಎಂದರೆ, ಕಳ್ಳನ ಹಾಗೆ ಬಂದ ಸೊಸೆಯನ್ನು ಯಾವ ಮನೆಯವರು ಒಳಗೆ ಕರೆದುಕೊಳ್ಳುತ್ತಾರೆ? ಕಂಬ ಹಗಲಿನಲ್ಲಿ ಹೋಗಬೇಕು, ನಾಲ್ಕು ಜನಕ್ಕೆ ತಿಳಿದು ಹೋಗಬೇಕು.

ಕಾವಲುಗಾರನ ಕೆಲಸಗಳಲ್ಲಿ ಚೈತುವನ್ನು ಹೆಚ್ಚು ದಣಿಸುತ್ತಿದ್ದದ್ದು ಬೆಂಕಿ ಆರಿಸುವುದಲ್ಲ, ಜಿಂಕೆ ಎಣಿಸುವುದು. ಮೊಣಕಾಲು ಎರಡೂ ಕೈಕೊಟ್ಟಿದ್ದವು. ಎಣಿಕೆಯ ದಿನಗಳಲ್ಲಿ ಕತ್ತಲಿರುವಾಗಲೇ ಕಾಡಿನ ಕಾವಲು ಚೌಕಿಯಲ್ಲಿ ಎದ್ದು, ಹಾಲಿಲ್ಲದ ಚಹ ಕುಡಿದು, ಇಬ್ಬನಿಯಲ್ಲಿ ಮಂಡಿತನಕ ನೆಂದು ಹೋಗಬೇಕು. ಕಾಡಿನ ಜಿಂಕೆಯನ್ನೆಲ್ಲ ಎಣಿಸುವುದು ಯಾರಪ್ಪನಿಂದಲೂ ಆಗುವ ಕೆಲಸವಲ್ಲ. ಅದಕ್ಕೇ ಕಾಡಿನೊಳಗೆ ನೂಲು ಹಿಡಿದಂತೆ ನೆಟ್ಟಗೆ ಒಂದು ಲೈನು ಹಾಕಿರುತ್ತಾರೆ. ಬೆಳಕು ಹರಿಯುವಾಗ ಇಬ್ಬರು ಮಾತಿಲ್ಲದೆ ಅದರ ಮೇಲೆ ನಡೆಯಬೇಕು. ಕಂಡ ಹಿಂಡಿನಲ್ಲಿ ಎಷ್ಟಿದ್ದವು, ಎಷ್ಟು ದೂರ, ಯಾವ ದಿಕ್ಕು ಎಂದು ಗುರುತು ಮಾಡಿಕೊಳ್ಳಬೇಕು. ಬಿಸಿಲೇರಿದ ಮೇಲೆ ಅದೇ ಲೈನಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಿಕ್ಕೆ ಎಣಿಸಬೇಕು. ಇಷ್ಟು ಕಂಡರೆ ಕಾಣದ್ದು ಎಷ್ಟಿರಬಹುದು ಎಂಬುದು ಕಂಪ್ಯೂಟರಿನವರ ಪಾಲಿನ ಕೆಲಸ. ಅನ್ನ ಬೆಂದಿತೋ ಇಲ್ಲವೋ ನೋಡಲು ಒಂದಗುಳು ಹಿಚುಕಿದರೆ ಸಾಕಲ್ಲ, ಹಾಗೆ.

ಆದರೆ ಚೈತುವಿನ ಪಾಲಿಗೆ ಬಂದ ಲೈನು ಹೋಗುತ್ತಿದ್ದದ್ದು ಹಳೆ ಸೇಮಲ್‌ಧಾನಾದ ಮೇಲೆ, ಸರಿಯಾಗಿ ಆ ಹಿಪ್ಪೆಮರದ ಕೆಳಗೆ. ನಕ್ಷೆಯ ಮೇಲೆ ಗೆರೆ ಎಳೆದವರಿಗೆ ಅಲ್ಲೇನಿದೆ ಎಂದು ಹೇಗೆ ತಿಳಿಯಬೇಕು?

ಎಣಿಸಿದ್ದು ಸವೆಯುತ್ತದೆ ಎಂದು ಕೇಳಿಕೊಂಡೇ ಬೆಳೆದವನು ಅವನು. ಕಣದ ರಾಶಿಯನ್ನು ಬೆರಳು ಮಾಡಿ ಎಣಿಸಬಾರದು, ತಾಯಿ ತನ್ನ ಮಕ್ಕಳನ್ನು ಎಣಿಸಬಾರದು. ಹಿಪ್ಪೆಯ ನೆರಳಿನ ವಿಷಯದಲ್ಲಂತೂ ಕಟ್ಟುನಿಟ್ಟು. ಆ ನೆರಳಿಗೆ ಬಂದು ನಿಂತದ್ದೆಲ್ಲ ಹಿರಿಯರದು. ಅಲ್ಲಿ ಉದುರಿದ ಹೂವನ್ನು ಯಾರೂ ಆಯುತ್ತಿರಲಿಲ್ಲ. ದನ ಅಲ್ಲಿ ಮಲಗಿದ್ದರೆ ದನಗಾಯಿ ಹುಡುಗರು ಅವು ತಾವಾಗಿ ಎದ್ದು ಬರುವ ತನಕ ಲೆಕ್ಕ ಹಿಡಿಯದೆ ಕಾಯುತ್ತಿದ್ದರು. ಇಂಥ ಊರಿನವನಿಗೆ ಸರಕಾರ ಎಣಿಸುವ ಕೆಲಸ ಕೊಟ್ಟಿತು. ಹೊಟ್ಟೆಪಾಡು, ಬೇಡ ಎನ್ನಲಾಗುತ್ತದೆಯೇ? ಉಳಿದ ಕಾಡಿನದನ್ನು ಎಣಿಸುತ್ತಿದ್ದ. ಹಿಪ್ಪೆ ಕಣ್ಣಿಗೆ ಬೀಳುವ ಮೊದಲೇ ತಲೆ ತಗ್ಗಿಸಿ, ಲೈನು ಬಿಟ್ಟು, ಹೊಳೆಯ ಕಡೆ ಇಳಿದು, ಬಳಸಿಕೊಂಡು ಆಚೆ ಹತ್ತುತ್ತಿದ್ದ. ಹಿಂದೆ ಬರುತ್ತಿದ್ದ ಗಾರ್ಡುಗಳು ಯಾರೂ ಯಾಕೆ ಎನ್ನಲಿಲ್ಲ. ಹೊಳೆಯಲ್ಲಿ ಮುಖ ತೊಳೆದು, ಒಂದು ಚಿಟಿಕೆ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳಲು ಜಾಗವಾಯಿತಲ್ಲ ಎಂದು ಅವರಿಗೂ ಖುಷಿಯೇ. ಈಗಿನ ಗಾರ್ಡು ಇಂಗಳೆಬಾಯಿ ಬಂದು ಒಂದು ವರ್ಷವಾಗಿತ್ತು. ಎಳೆಗೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದು ಚೌಕಿಯಲ್ಲಿರುವ ಹೆಣ್ಣುಮಗಳು, ಸದಾ ನಿದ್ದೆಗಣ್ಣು. ಚೈತು ಹೋದದ್ದೇ ಲೈನು ಎಂದು ನಂಬಿ ಅವಳೂ ಹೊಳೆಗಿಳಿಯುತ್ತಿದ್ದಳು.

ಊರು ಖಾಲಿಯಾದ ಮೇಲೆ ಹೊಲಗಳಲ್ಲಿ ಹುಲ್ಲು ಎದ್ದಿತು. ಮೇಯುವ ದನವಿಲ್ಲ, ಬೊಗಳುವ ನಾಯಿಯಿಲ್ಲ. ಸುತ್ತಲಿನ ಜಿಂಕೆಯೆಲ್ಲ ಆ ಬಯಲಿಗೆ ಇಳಿದುಬಂತು, ಬಿಸಿಲಿಗೆ ಹಿಪ್ಪೆಯ ನೆರಳು ಹಿಡಿಯಿತು. ನೆರಳು ತುಂಬಿದಷ್ಟೂ ಉಳಿದ ಲೈನು ಬರಿದಾಯಿತು. ಚೈತುವಿನ ಕಿವಿಗೆ ಅವುಗಳ ಸದ್ದು ಬೀಳುತ್ತಿತ್ತು, ಮೂಗಿಗೆ ವಾಸನೆ ಬಡಿಯುತ್ತಿತ್ತು. ಹಿರಿಯರು ಚೆನ್ನಾಗಿದ್ದಾರೆ ಎಂದುಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದ, ಅಷ್ಟೇ.

ಈ ವರ್ಷ ದೀಪಾವಳಿ ಕಳೆದ ಮೇಲೆ ಊರವರು ಮತ್ತೆ ಅರ್ಜಿ ಹಿಡಿದು ರೇಂಜ್ ಆಫೀಸಿಗೆ ಹೋದರು. ಮುಂದಾಳು ಗಣಾಜಿ. ಸುಗರತಿಯ ತಮ್ಮ, ಊರಿನ ಪೂಜೆ ಮಾಡುವವನೂ ಅವನೇ, ಬಾಯಿ ಜೋರು. ರೇಂಜರ್ ಖಂಡಾರೆ ಸಾಹೇಬರು ಕೆಟ್ಟವರಲ್ಲ. ಎರಡು ರೇಂಜಿನ ಕೆಲಸ ಒಬ್ಬರೇ ನೋಡುತ್ತಿದ್ದರು, ಮಧ್ಯಾಹ್ನದ ಊಟದ ಡಬ್ಬಿ ಸಂಜೆಗೆ ಬಿಚ್ಚುತ್ತಿದ್ದರು. ಅರ್ಜಿ ಓದಿ ಕನ್ನಡಕ ತೆಗೆದಿಟ್ಟರು.

“ನಿಮ್ಮನ್ನ ಕೆಳಗ ತಂದದ್ದು ಯಾಕ? ಜಿಂಕಿ ಹೆಚ್ಚಾಗ್ಲಿ, ಹುಲಿ ಉಣ್ಲಿ ಅಂತ. ಎಲ್ಲಾ ಕಡೆ ಹೆಚ್ಚಾಗ್ಯಾವ, ನಿಮ್ಮ ಹಳೇ ಊರಿನ ಲೈನಿನ್ಯಾಗ ವರ್ಷಾ ವರ್ಷಾ ಇಳ್ಯಾಕತ್ತಾವ. ಮ್ಯಾಲಿನವರು ನನ್ನ ಕೇಳ್ತಾರ. ನಾ ಯಾರ್ನ ಕೇಳ್ಲಿ? ಯಾರರ ತಿನ್ನಾಕತ್ತಿರಬೇಕಲ್ಲ.”

ಯಾರು ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ದಾರಿ ಗೊತ್ತಿದ್ದವರು, ಹಳೆಯ ಊರಿನವರು, ಡೋಲು ಹಿಡಿದು ಒಳಗೆ ಬರುತ್ತೇವೆ ಎನ್ನುವವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ. ಈ ಸಲದ ಎಣಿಕೆಯಲ್ಲಿ ಏರಿದರೆ ತಾನೇ ಮೇಲಕ್ಕೆ ಬರೆಯುತ್ತೇನೆ, ಇಳಿದರೆ ಇನ್ನು ಈ ಅರ್ಜಿ ತರಬೇಡಿ ಎಂದು ಸಾಹೇಬರು ಕೈಮುಗಿದು ಕಳಿಸಿದರು.

ಬಸ್ಸು ಸಿಗದೆ ನಡೆದು ಬರುವಾಗ ಗಣಾಜಿ ಊರವರೆದುರಿಗೇ ಹತ್ತಿಕೊಂಡ.

“ಭಾವಾ, ಎಣಿಸಾಂವ ನೀನ ಅಲ್ಲಾ? ಇಲ್ಲೂ ಎಣಿಸಿ ಹೇಳು, ನಮ್ಮ ಹೊಟ್ಟ್ಯಾಗ ಎಷ್ಟು ಜಿಂಕಿ ಅದಾವ? ನಮ್ಮಕ್ಕ ಅಲ್ಲಿ ನಿನ್ನ ತೊಲಿ ಮ್ಯಾಲ ಇಲಿ ಕೂಡ ಮಲಗ್ಯಾಳ, ನೀ ಸರಕಾರದ ಬೂಟ ಹಾಕ್ಕೊಂಡು ತಿರಗಾಕತ್ತಿ.”

ಚೈತು ತಲೆ ತಗ್ಗಿಸಿ ನಡೆದ. ಸಾಹೇಬರ ಮುಂದೆ ನಿಂತಾಗಲೇ ಅವನಿಗೆ ಲೆಕ್ಕ ಹೊಳೆದಿತ್ತು. ಜಿಂಕೆಯನ್ನು ತಿಂದವರು ಯಾರೂ ಇರಲಿಲ್ಲ. ತಿಂದದ್ದು ಅವನ ಬಳಸು ನಡಿಗೆ. ಹಿರಿಯರಿಗೆ ಮರ್ಯಾದೆ ಕೊಡಲು ಹೋಗಿ ಹಿರಿಯರ ಬಾಗಿಲನ್ನು ತಾನೇ ಮುಚ್ಚಿದ್ದ. ಗಣಾಜಿಗೆ ಹೇಳೋಣವೆಂದರೆ ಏನೆಂದು ಹೇಳುವುದು, ಹಿಪ್ಪೆಯ ನೆರಳಿನದನ್ನು ಎಣಿಸಲು ಅಪ್ಪಣೆ ಕೊಡು ಎಂದೇ? ಅಪ್ಪಣೆ ಕೊಟ್ಟರೆ ಅವನು ಪೂಜೆಯವನಲ್ಲ, ಕೊಡದಿದ್ದರೆ ಅವನ ಅಕ್ಕ ತೊಲೆ ಇಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಎಣಿಕೆಗೆ ಹೊರಡುವ ಬೆಳಿಗ್ಗೆ ರೊಟ್ಟಿಯ ಚೂರು ತೊಲೆಯ ಮೇಲಿಟ್ಟು ಬಹಳ ಹೊತ್ತು ಅಲ್ಲೇ ನಿಂತ. ಏನು ಮಾಡಲಿ ಹೇಳು ಎಂದು ಕೇಳಿದ. ಬದುಕಿದ್ದಾಗ ಒಂದಕ್ಕೆ ಹತ್ತು ಹೇಳುತ್ತಿದ್ದವಳು ಈಗ ತುಟಿ ಬಿಚ್ಚಲಿಲ್ಲ. ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿಲ್ಲದೆ ಚೀಲ ಹೆಗಲಿಗೇರಿಸಿ ಹೊರಟ.

ಮೊದಲ ಬೆಳಗುಗಳಲ್ಲಿ ಹಳೆಯ ಚಾಳಿಯೇ ಗೆದ್ದಿತು. ಹಿಪ್ಪೆ ಹತ್ತಿರವಾದಂತೆ ಕಾಲು ತಾವಾಗಿಯೇ ಹೊಳೆಗಿಳಿದವು. ಸಿಕ್ಕಿದ್ದು ಒಂದು ಒಂಟಿ ಕಾಡುಕುರಿ, ಓಡಿಹೋದ ಒಂದು ಕಡವೆಯ ಬೆನ್ನು, ಬೇರೇನಿಲ್ಲ. ಕಡೆಯ ಬೆಳಿಗ್ಗೆ ಲೈನು ಬಿಟ್ಟು ಹೊಳೆಗೆ ತಿರುಗುವಲ್ಲಿ ಇಂಗಳೆಬಾಯಿ ಅಭ್ಯಾಸದಂತೆ ಮುಂದಾಗಿ ಕೆಳಗಿಳಿದಳು. ಹಿಂದೆ ಹೆಜ್ಜೆಯ ಸದ್ದು ಕೇಳಿಸದೆ ತಿರುಗಿ ನೋಡಿದರೆ ಚೈತು ಮೇಲೇ ನಿಂತು ಬೂಟು ಬಿಚ್ಚುತ್ತಿದ್ದ.

“ಇವತ್ತ ನೆಟ್ಟಗ ಹೋಗೂನು, ಬಾಯಿ,” ಎಂದು ಪಿಸುಗುಟ್ಟಿದ.

ಬೂಟಿನ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡು ಬರಿಗಾಲಿನಲ್ಲಿ ನಡೆದ. ಹುಲ್ಲು ಮುಗಿದು ನೆರಳು ಶುರುವಾಗುವಲ್ಲಿ ನಿಂತು, ಎಷ್ಟೋ ವರ್ಷದ ಮೇಲೆ ಮೊದಲ ಸಲ, ತಲೆ ಎತ್ತಿದ. ಹಿರಿಯರ ಕಂಬಗಳು ಇದ್ದವು. ಕೆಲವು ವಾಲಿದ್ದವು. ಅವ್ವನ ಕಂಬದ ಚಂದ್ರನನ್ನು ಯಾವುದೋ ಗಂಡುಜಿಂಕೆ ಕೊಂಬು ತಿಕ್ಕಿ ಅರ್ಧ ಅಳಿಸಿತ್ತು. ಕಂಬಗಳ ನಡುವೆ, ಬೇರುಗಳ ನಡುವೆ, ಎಲ್ಲೆಂದರಲ್ಲಿ ಚುಕ್ಕೆಜಿಂಕೆ. ಮಲಗಿದ್ದವು ಕೆಲವು, ಮರಿಗೆ ಮೊಲೆಯೂಡಿಸುತ್ತಿದ್ದವು ಕೆಲವು. ಜಾತ್ರೆಗೆ ಬಂದ ನೆಂಟರ ಹಾಗೆ ನಿಶ್ಚಿಂತೆಯಾಗಿದ್ದವು. ಇಬ್ಬರನ್ನು ನೋಡಿ ಕಿವಿ ನಿಮಿರಿಸಿದವೇ ಹೊರತು ಎದ್ದು ಓಡಲಿಲ್ಲ.

ಚೈತು ಎಣಿಸಿದ. ಬೆರಳು ಮಾಡದೆ, ಗದ್ದದಿಂದ ಒಂದೊಂದನ್ನೇ ಮುಟ್ಟುತ್ತ ಎಣಿಸಿದ. ಅಪ್ಪ, ಅಜ್ಜ, ಸಣ್ಣವಳಿದ್ದಾಗಲೇ ಹೋದ ತಂಗಿ, ಎಲ್ಲರ ಮನೆಯೊಳಗೆ ಹೊಕ್ಕು ಗಡಿಗೆ ಮುಚ್ಚಳ ತೆಗೆದು ನೋಡಿದಂತಾಯಿತು. ಮುಗಿಸಿ, ನಲವತ್ತೇಳು ಎಂದ. ಇಂಗಳೆಬಾಯಿ ದೂರ ಅಳೆದು, ದಿಕ್ಕು ನೋಡಿ ಮೊಬೈಲಿನಲ್ಲಿ ಒತ್ತಿಕೊಂಡಳು. ಆಚೆ ದಾಟಿ ಬಹಳ ಮುಂದೆ ಹೋದ ಮೇಲೆ ಕೇಳಿದಳು.

“ಇಷ್ಟು ದಿನಾನೂ ಇಲ್ಲೇ ಇದ್ದವೇನ, ಕಾಕಾ?”

“ಇದ್ದವು.”

“ಮತ್ತ ನಾವ್ಯಾಕ ಕೆಳಗ ಇಳೀತಿದ್ವಿ?”

“ನೀರ ಕುಡೀಲಿಕ್ಕ,” ಎಂದ ಚೈತು.

ಅವಳು ಅವನ ಬರಿಗಾಲು ನೋಡಿದಳು, ಕೊರಳಲ್ಲಿ ನೇತಾಡುತ್ತಿದ್ದ ಬೂಟು ನೋಡಿದಳು. ಹಿಕ್ಕೆ ಎಣಿಸಲು ಮರಳಿ ಬಂದಾಗ ತನ್ನ ಬೂಟನ್ನೂ ಹುಲ್ಲಿನಲ್ಲೇ ಬಿಟ್ಟು ಬಂದಳು.

ಆದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಲೆಕ್ಕ ಕೆಳಗೆ ಮುಟ್ಟಿದ ದಿನವೇ ರೇಂಜರ್ ಸಾಹೇಬರ ಕರೆ ಬಂತು. ಅದೇ ಲೈನು, ಅದೇ ಇಬ್ಬರು. ನಿನ್ನೆಯ ತನಕ ಬರಿಗೈ, ಕಡೆಯ ದಿನ ಜಾತ್ರೆ. ಅದೂ ಯಾರ ಅರ್ಜಿ ಮೇಜಿನ ಮೇಲಿತ್ತೋ ಅವರದೇ ಕಾವಲುಗಾರ.

“ಒಂದ ರಾತ್ರಿಗೆ ನಲವತ್ತೇಳು ಹಡದವೇನೋ, ಚೈತು?” ಎಂದು ಸಾಹೇಬರು ಕೇಳಿದರು.

ಇಂಗಳೆಬಾಯಿ ತಾನೂ ಕಂಡೆ ಎಂದಳು. ಅವಳು ಮರುಗಿ ಹೇಳುತ್ತಿದ್ದಾಳೆ ಎಂದೇ ಸಾಹೇಬರು ತಿಳಿದರು. ನಾಳೆ ತಾವೇ ಬಂದು ನಡೆಯುತ್ತೇವೆ, ಸುಳ್ಳಾದರೆ ಅರ್ಜಿಯೂ ಹೋಯಿತು, ಚೈತುವಿನ ಕೆಲಸವೂ ಹೋಯಿತು ಎಂದರು. ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಚೈತು ನೆಟ್ಟಗೆ ಚೌಕಿಗೆ ಹೋಗಿ ಮಲಗಿದ. ಎಣಿಸಿದ್ದು ಸವೆಯುತ್ತದೆ ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಎಣಿಸಿಯಾಗಿದೆ, ನಾಳೆ ನೆರಳು ಬರಿದಾಗಿದ್ದರೆ? ಹಿರಿಯರು ಮುನಿಸಿಕೊಂಡು ಎಲ್ಲವನ್ನೂ ಎಬ್ಬಿಸಿಕೊಂಡು ಹೋಗಿದ್ದರೆ? ನೌಕರಿ ಹೋದರೆ ಆ ಗೇಟು ಅವನಿಗೂ ಮುಚ್ಚಿತು, ಸುಗರತಿಗೂ ಮುಚ್ಚಿತು.

ಬೆಳಿಗ್ಗೆ ಮೂವರೂ ನಡೆದರು. ಸಾಹೇಬರು ದಿಕ್ಸೂಚಿ ಹಿಡಿದು ಮುಂದೆ, ಚೈತು ಕಡೆಯಲ್ಲಿ. ಅವನಿಗೆ ನೋಡುವ ಧೈರ್ಯವಿರಲಿಲ್ಲ. ಸಾಹೇಬರ ಬೆನ್ನು ಒಮ್ಮೆಲೆ ನಿಂತದ್ದು ಕಂಡಿತು. ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಚೈತು ಪಕ್ಕಕ್ಕೆ ಸರಿದು ನೋಡಿದ. ಒಂದೂ ಹೋಗಿರಲಿಲ್ಲ. ಹೊಳೆಯ ಕಡೆಯಿಂದ ಎರಡು ಕಡವೆಯೂ ಬಂದು ಸೇರಿದ್ದವು. ಅವನು ಅಲ್ಲೇ ಹುಲ್ಲಿನಲ್ಲಿ ಕೂತುಬಿಟ್ಟ.

ಬಯಲು ದಾಟಿ ಬಂದ ಮೇಲೆ ಸಾಹೇಬರು ಚೈತುವಿನ ಬೆನ್ನು ತಟ್ಟಿದರು. ಅನುಮಾನ ಪಟ್ಟದ್ದಕ್ಕೆ ತಪ್ಪಾಯಿತು ಎಂದೂ ಹೇಳಿದರು. ಅಂಥ ಮಾತು ಆಡಿದ ಸಾಹೇಬರನ್ನು ಅವನು ಈ ಮುಂಚೆ ಕಂಡಿರಲಿಲ್ಲ. ಹಾ, ಇನ್ನೇನು ಅಪ್ಪಣೆ ಬಂತು ಎಂದುಕೊಂಡ. ತುತ್ತು ತುಟಿಯ ತನಕ ಬಂದಿತ್ತು.

“ಇಂಥಾ ಹುಲ್ಲುಗಾವಲ ನನ್ನ ರೇಂಜಿನ್ಯಾಗ ಇನ್ನೊಂದಿಲ್ಲ,” ಎಂದರು ಸಾಹೇಬರು. “ಇದನ್ನ ಕಣ್ಣಾಗ ಎಣ್ಣಿ ಬಿಟ್ಟು ಕಾಯಬೇಕು. ಇಲ್ಲಿ ಊರಿಗೂರು ಬಂದು ಡೋಲು ಬಾರಿಸಿದ್ರ ಒಂದರ ನಿಲ್ತದೇನು? ಇನ್ನ ಮ್ಯಾಲಿನವರು ಒಬ್ಬರ್ನೂ ಬಿಡೂದಿಲ್ಲ. ನಾ ಬರದ್ರೂ ಬಿಡೂದಿಲ್ಲ.”

ಇಂಗಳೆಬಾಯಿ ಮುಖ ಆಚೆ ತಿರುಗಿಸಿದಳು. ಚೈತುವಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅವನು ಕೂಗಾಡಲಿಲ್ಲ. ಕೂಗಾಡಲು ಒಳಗೆ ಏನೂ ಉಳಿದಿರಲಿಲ್ಲ.

“ಕಡಿಮಿ ಇದ್ರ ತಿಂದೀರಿ ಅಂದ್ರಿ. ಬೇಕಾದಷ್ಟು ಇದ್ರ ಓಡಿಸ್ತೀರಿ ಅಂತೀರಿ. ಎಷ್ಟಿದ್ರ ಬಿಡ್ತೀರಿ ಹೇಳ್ರಿ, ಸಾಹೇಬ್ರ. ಅಷ್ಟ ಎಣಿಸಿ ಕೊಡ್ತೀನಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಆ ಪೂಜಾರಿಗೂ ಮೇಲೊಬ್ಬ ಪೂಜಾರಿ, ಅವನಿಗೂ ಮೇಲೊಬ್ಬ. ಸಾಹೇಬರು ದಿಕ್ಸೂಚಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಮಾತು ಬದಲಿಸಿದರು. ಲೈನು ಇಲ್ಲಿ ವರ್ಷಗಟ್ಟಲೆ ದಾರಿ ತಪ್ಪಿದೆ, ಇನ್ನು ತಪ್ಪಬಾರದು. ಮುಂದಿನ ಎಣಿಕೆಯ ಒಳಗೆ ಹಿಪ್ಪೆಯ ಈ ಬದಿಯಿಂದ ಆ ಬದಿಯ ತನಕ ಗುರುತಿನ ಕಂಬ ನೆಡಬೇಕು, ಗಟ್ಟಿ ಸಾಗವಾನಿಯದು, ಹಳದಿ ಬಣ್ಣ ಬಳಿದು ಸಂಖ್ಯೆ ಬರೆಯಬೇಕು, ಕುರುಡ ಬಂದರೂ ಲೈನು ತಪ್ಪಬಾರದು ಎಂದರು. ಎಷ್ಟು ಬೇಕಾದೀತು ಎಂದು ಚೈತುವನ್ನೇ ಕೇಳಿದರು.

ಚೈತು ಹಿಪ್ಪೆಯ ಕಡೆ ನೋಡಿದ.

“ನಾಕು ಬೇಕ್ರಿ,” ಎಂದ.

“ಡಿಪೋದಾಗ ಹೇಳ್ತೀನಿ, ತಗೊಂಡು ಬಾ.”

“ಡಿಪೋದವು ಬ್ಯಾಡ್ರಿ. ನಮ್ಮೂರಾಗ ತಯಾರ ಅದಾವ. ಒಣಗಿ ಹದವಾಗ್ಯಾವ.”

ಇಂಗಳೆಬಾಯಿ ತಟ್ಟನೆ ಅವನ ಮುಖ ನೋಡಿದಳು. ಸಾಹೇಬರು ಆಯಿತು ಎಂದು ತಲೆಯಾಡಿಸಿ, ಗೇಟಿನಲ್ಲಿ ತೋರಿಸಲು ಒಂದು ಚೀಟಿ ಬರೆದುಕೊಟ್ಟು ಜೀಪಿನ ಕಡೆ ನಡೆದರು.

ಗಣಾಜಿ ಕೇಳಿ ಕುದಿದ. ಅಕ್ಕನ ಕಂಬಕ್ಕೆ ಸರಕಾರದ ಬಣ್ಣವೇ, ಡೋಲಿಲ್ಲದೆ, ಊಟವಿಲ್ಲದೆ, ಕೂಲಿಯವನ ಕೈಯಲ್ಲಿ ಬೇಲಿಗೂಟದ ಹಾಗೆ ನೆಡುವುದೇ ಎಂದ. ಚೈತು ಎಲ್ಲ ಕೇಳಿಸಿಕೊಂಡು, ಕಡೆಗೆ ನೆರಳಿನದನ್ನು ಎಣಿಸಿದ್ದನ್ನೂ ಹೇಳಿಬಿಟ್ಟ. ಗಣಾಜಿ ಅಂಗಳದ ಮಂಚದ ಮೇಲೆ ಕೂತು ಬೀಡಿಯ ಮೇಲೆ ಬೀಡಿ ಸುಟ್ಟ. ಉಳಿದ ಮೂರು ಮನೆಯವರು ಬಂದು ಸುತ್ತ ನಿಂತರು. ಅವರಲ್ಲೊಬ್ಬ ಮುದುಕಿ, ಮಗನ ಕಂಬ ಕಾಯುತ್ತಿದ್ದವಳು, ಬಣ್ಣ ಹಿಂದಿನ ಮಗ್ಗುಲಿಗೆ ಬಳಿದರೆ ಸಾಕಲ್ಲ, ಕುದುರೆ ಮುಂದಿರಲಿ ಎಂದಳು. ಅಷ್ಟಕ್ಕೆ ವಾದ ಮುಗಿಯಿತು.

“ಹಗಲಾಗ ಒಯ್ಯಿ,” ಎಂದ ಗಣಾಜಿ. “ಹೊತ್ತು ನೆತ್ತಿಗೆ ಬಂದಾಗ ನೆಡು. ಅದ ಹೊತ್ತಿಗೆ ನಾವಿಲ್ಲಿ ಡೋಲು ಬಾರಸ್ತೀವಿ, ಉಣ್ತೀವಿ. ಎಣಿಸಿದ್ದಕ್ಕ ಹಿರ್ಯಾರು ಏನರ ನಿನ್ನ ಕಡಿಂದ ತಗೊಂಡ್ರ ತಗೊಳ್ಳಲಿ ಬಿಡು, ಭಾವಾ. ನಿನ್ನ ಹತ್ರ ತಗೊಳ್ಳಾಕ ಇನ್ನೇನ ಉಳದೈತಿ?”

ಹಾಗೆ ಸುಗರತಿ ತೊಲೆಯಿಂದ ಇಳಿದಳು. ಇಲಾಖೆಯ ಜೀಪಿನಲ್ಲಿ, ಹಳೆ ಗೋಣಿಯ ಮೇಲೆ, ಜೊತೆಗೆ ಮೂವರನ್ನು ಕರೆದುಕೊಂಡು, ಗೇಟಿನಲ್ಲಿ ಚೀಟಿ ತೋರಿಸಿ, ಹಗಲು ಹೊತ್ತಿನಲ್ಲಿ ಬೆಟ್ಟ ಹತ್ತಿದಳು. ಗುಂಡಿ ತೋಡಿದ್ದು ಚೈತು. ಕಂಬ ನೆಟ್ಟಗೆ ಹಿಡಿದದ್ದು ಇಂಗಳೆಬಾಯಿ, ಬರಿಗಾಲಿನಲ್ಲಿ. ಲೈನು ಹಿಪ್ಪೆಯ ಪಶ್ಚಿಮಕ್ಕೆ ಒಂದು ಮಾರು ಹೋಗಬೇಕಿತ್ತು. ಅವಳು ದಿಕ್ಸೂಚಿ ನೋಡಿ, ಅವ್ವನ ವಾಲಿದ ಕಂಬ ನೋಡಿ, ಒಂದು ಮಾರು ಏನು ಮಹಾ ಎಂದು ಸುಗರತಿಯ ಕಂಬವನ್ನು ಅದರ ಪಕ್ಕಕ್ಕೆ ತಾನೇ ಸರಿಸಿದಳು. ಉಳಿದ ಮೂರೂ ಹಿರಿಯರ ಸಾಲಿನಲ್ಲೇ ನಿಂತವು. ಹೊತ್ತು ನೆತ್ತಿಗೆ ಬಂದಾಗ ಚೈತು ಕಿವಿಗೊಟ್ಟು ನಿಂತ. ಅಷ್ಟು ದೂರದ ಡೋಲು ಕೇಳಿಸಲಿಲ್ಲ. ಮಣ್ಣು ತುಳಿದು, ಬುಡದಲ್ಲಿ ರೊಟ್ಟಿಯ ಚೂರಿಟ್ಟು, “ಬಂದಾಳ ನೋಡವ್ವಾ, ಇನ್ನ ನೀವಿಬ್ಬರೂ ಏನರ ಮಾಡ್ಕೋರಿ,” ಎಂದ. ಆಮೇಲೆ ಹಿಂದಿನ ಮಗ್ಗುಲಿಗೆ ಹೋಗಿ ಹಳದಿಯ ಮೇಲೆ ಸಂಖ್ಯೆ ಬರೆದ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಅಭ್ಯಾಸಬಲದಿಂದ ರೊಟ್ಟಿ ಮುರಿದು ಕೈ ಎತ್ತಿದ. ತೊಲೆ ಖಾಲಿಯಾಗಿತ್ತು. ಆ ಚೂರು ತಾನೇ ತಿಂದ. ಮೇಲೆ ನೀರು ಕುಡಿದ.

ಹಿಪ್ಪೆ ಹೂಬಿಡುವ ಕಾಲಕ್ಕೆ ಮತ್ತೆ ಎಣಿಕೆ ಬಂತು. ಹೂವಿನ ಆಸೆಗೆ ಜಿಂಕೆ ಇನ್ನೂ ಹೆಚ್ಚಿದ್ದವು. ಚೈತು ನೆಟ್ಟಗೆ ನಡೆದ, ನೆರಳಿನ ಅಂಚಿನಲ್ಲಿ ನಿಂತ, ಗದ್ದ ಅಲ್ಲಾಡಿಸುತ್ತ ಸಾಲುಸಾಲಾಗಿ ಎಣಿಸಿ ಅರವತ್ತೆರಡು ಎಂದ. ಇಂಗಳೆಬಾಯಿ ಈಗೀಗ ತಾನೂ ಎಣಿಸುತ್ತಿದ್ದಳು. ಸುಗರತಿಯ ಕಂಬದ ಬುಡದಲ್ಲಿ ಒಂದು ಹೆಣ್ಣುಜಿಂಕೆ ಬೆನ್ನು ಒರಗಿಸಿ ಮಲಗಿತ್ತು, ಉದುರಿದ ಹೂವನ್ನು ಮೆಲ್ಲುತ್ತಿತ್ತು. ಅವಳು ಅದರ ಕಡೆ ಕಣ್ಣು ಮಾಡಿದಳು.

“ಒಂದು ಉಳೀತಲ್ಲ, ಕಾಕಾ?”

“ಅದು ಮನಿದು, ಬಾಯಿ,” ಎಂದ ಚೈತು.

ಅವಳು ಅರವತ್ತೆರಡು ಎಂದೇ ಒತ್ತಿದಳು. ಇನ್ನೂ ಅರ್ಧ ಲೈನು ಉಳಿದಿತ್ತು, ಬಿಸಿಲು ಏರುತ್ತಿತ್ತು. ಇಬ್ಬರೂ ಬೂಟು ಕೈಯಲ್ಲಿ ಹಿಡಿದು ಮುಂದೆ ನಡೆದರು.